ಎಂಎಲ್ಎ ಎಲೆಕ್ಷನ್ ಗೆಲ್ಲುವ ಕಾಂಗ್ರೆಸ್ ಎಂಪಿ ಎಲೆಕ್ಷನ್‌ನಲ್ಲಿ ಯಾಕೆ ಸೋಲುತ್ತದೆ?

2023ರಲ್ಲಿ 135 ಸೀಟು ಗೆದ್ದ ಪಕ್ಷ ಒಂದೇ ವರ್ಷದಲ್ಲಿ ಲೋಕಸಭೆಗೆ 28ರಲ್ಲಿ 9ಕ್ಕೆ ಇಳಿಯಿತು, ಅದು ಹೇಗೆ, ಬದಲಾಗಬೇಕಾದ್ದು ನಾಯಕನಾ, ಮೈತ್ರಿಯಾ, ಪ್ರಚಾರವಾ ಅಂತ ಕೇಳಿದ್ದೀರಿ. ನಮ್ಮ ಬೂತ್‌ನಲ್ಲಿ ಪಕ್ಷಕ್ಕೆ ಕೆಲಸ ಮಾಡಬೇಕು ಅಂತಿದ್ದೀನಿ ಅಂತಲೂ ಬರೆದಿದ್ದೀರಿ. ಆ ಕೊನೆಯ ಸಾಲಿಗೋಸ್ಕರ ಬರೆಯುತ್ತಿದ್ದೇನೆ. 2019ರಲ್ಲಿ ನಾನು ನಿಮ್ಮ ಜಾಗದಲ್ಲೇ ಇದ್ದೆ.

ನಮ್ಮದು ದೊಡ್ಡಬಳ್ಳಾಪುರ. ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇವೆ. 2018ರ ವಿಧಾನಸಭೆ ಚುನಾವಣೆಯಲ್ಲಿ ನಾನು ಕಾಂಗ್ರೆಸ್‌ನ ಬೂತ್ ಏಜೆಂಟ್. ನಮ್ಮಲ್ಲಿ ಆಗ ಕಾಂಗ್ರೆಸ್‌ಗೂ ದಳಕ್ಕೂ ನೇರ ಪೈಪೋಟಿ. ಸಂಜೆ ಮಗ್ಗ ನಿಲ್ಲಿಸಿದ ಮೇಲೆ ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗುತ್ತಿದ್ದೆ. ನಮ್ಮವರಾದರೆ ಹೆಸರಿನ ಮುಂದೆ ಟಿಕ್, ದಳ ಆದರೆ ಸೊನ್ನೆ, ಕಮಲ ಆದರೆ ಅಡ್ಡಗೆರೆ. ಎಣಿಕೆ ಆದಾಗ ನನ್ನ ಲೆಕ್ಕಕ್ಕೂ ಬೂತ್‌ನಲ್ಲಿ ಬಂದ ಮತಕ್ಕೂ ಹತ್ತು ಹದಿನೈದರ ವ್ಯತ್ಯಾಸ ಅಷ್ಟೇ. ಆ ಪಟ್ಟಿಯ ಮೇಲೆ ನನಗೆ ಪೂರ್ತಿ ನಂಬಿಕೆ ಬಂತು.

ಆಮೇಲೆ ಕಾಂಗ್ರೆಸ್ಸೂ ದಳವೂ ಸೇರಿ ಸರ್ಕಾರ ಮಾಡಿದವು. 2019ರ ಲೋಕಸಭೆಗೂ ಮೈತ್ರಿ ಆಯಿತು. ನಾವು ಬರುವುದು ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ. ಅದರ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಐದು ಕಡೆ ಕಾಂಗ್ರೆಸ್ ಶಾಸಕರು, ಎರಡು ಕಡೆ ದಳ, ಯಲಹಂಕ ಒಂದರಲ್ಲಿ ಮಾತ್ರ ಬಿಜೆಪಿ. 2018ರಲ್ಲಿ ಇಡೀ ರಾಜ್ಯದಲ್ಲಿ ಕಾಂಗ್ರೆಸ್‌ಗೆ 38%, ದಳಕ್ಕೆ 18%, ಬಿಜೆಪಿಗೆ 36% ಮತ ಬಂದಿತ್ತು. ಕೂಡಿದರೆ 56. ಸೋಲುವ ಮಾತೇ ಇಲ್ಲ ಅಂತ ನಾನು ಮನಸಾರೆ ನಂಬಿದ್ದೆ.

ನನ್ನ ತಪ್ಪು ಇಲ್ಲಿಂದ ಶುರು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುವ ಸಾಧ್ಯತೆ ಜಾಸ್ತಿ.

ಹೊಸ ಮತದಾರರ ಪಟ್ಟಿ ಕೈಗೆ ಬಂದ ದಿನ ಮನೆಯಲ್ಲೇ ಕೂತು ಹಳೇ ಪಟ್ಟಿಯ ಗುರುತುಗಳನ್ನು ಅದಕ್ಕೆ ಇಳಿಸಿಕೊಂಡೆ. ಟಿಕ್ ಇದ್ದಲ್ಲಿ ಟಿಕ್. ಸೊನ್ನೆ ಇದ್ದಲ್ಲೂ ಟಿಕ್, ಈಗ ದಳವೂ ನಮ್ಮದೇ ಅಲ್ವಾ ಅಂತ. ಒಂದು ರಾತ್ರಿಯ ಕೆಲಸ. ಆರುನೂರರ ಮೇಲೆ ಟಿಕ್ ಆದವು. ಕೊನೆಯಲ್ಲಿ ಹೊಸದಾಗಿ ಸೇರಿದ ಹುಡುಗ ಹುಡುಗಿಯರ ಹೆಸರುಗಳಿದ್ದವು. ಅವರ ಮುಂದೆ ಹಾಕಲು ನನ್ನ ಹತ್ತಿರ ಹಳೇ ಗುರುತು ಇರಲಿಲ್ಲ. ಹಾಗೇ ಬಿಟ್ಟೆ.

ಒಂದು ಮನೆಗೂ ಹೋಗಿ ಕೇಳಲಿಲ್ಲ. 2018ರ ಟಿಕ್ ಒಂದು ಪ್ರಶ್ನೆಗೆ ಸಿಕ್ಕ ಉತ್ತರ: ನಮ್ಮೂರಿಗೆ ಎಂಎಲ್ಎ ಯಾರಾಗಬೇಕು? 2019ರಲ್ಲಿ ಜನರ ಮುಂದಿದ್ದ ಪ್ರಶ್ನೆ ಬೇರೆ: ದಿಲ್ಲಿಯಲ್ಲಿ ಯಾರು ಕೂರಬೇಕು? ಹಳೇ ಉತ್ತರವನ್ನು ಹೊಸ ಪ್ರಶ್ನೆಗೆ ಅಂಟಿಸಿಬಿಟ್ಟೆ. ಸೊನ್ನೆ ಹಾಕಿದ್ದವರ ವಿಷಯದಲ್ಲಂತೂ ಇನ್ನೂ ಅನ್ಯಾಯ. ಅವರು ಒಂದು ವರ್ಷದ ಹಿಂದೆ ನಮ್ಮನ್ನು ಸೋಲಿಸಲೆಂದೇ ವೋಟು ಹಾಕಿದವರು. ನಮ್ಮ ಬೀದಿಯಲ್ಲಿ ಅದಕ್ಕಾಗಿ ಮಾತು ಬಿಟ್ಟ ಮನೆಗಳಿದ್ದವು. ಬೆಂಗಳೂರಿನಲ್ಲಿ ನಾಯಕರು ಕೈ ಕುಲುಕಿದ ಮಾತ್ರಕ್ಕೆ ಆ ಮನೆಗಳಲ್ಲಿ ಮನಸ್ಸು ಒಂದಾಗಿರಲಿಲ್ಲ. ಅಲ್ಲಿ ಹೋಗಿ ಕೂರಬೇಕಿತ್ತು, ಬೈಸಿಕೊಳ್ಳಬೇಕಿತ್ತು. ನಾನು ಪೆನ್ನಿನಲ್ಲಿ ಮುಗಿಸಿದೆ.

ಅಲ್ಲಿಗೇ ನಿಂತಿದ್ದರೂ ನಷ್ಟ ಕಡಿಮೆ ಇರುತ್ತಿತ್ತು. ಕೊನೆಯ ನಾಲ್ಕು ದಿನ ಆ ಟಿಕ್ ಪಟ್ಟಿ ಇಟ್ಟುಕೊಂಡು ಎಲ್ಲರಿಗೂ ಫೋನ್ ಮಾಡಿದೆ, ಬಾಗಿಲಲ್ಲೇ ನಿಂತು ವೋಟರ್ ಸ್ಲಿಪ್ ಕೊಟ್ಟೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವರಿಗೆ ಗುರುವಾರ ರಜೆ ಇದೆ, ದಯವಿಟ್ಟು ಬನ್ನಿ ಅಂದೆ. ಒಬ್ಬ ಅಜ್ಜಿ ಸ್ಲಿಪ್ ತೆಗೆದುಕೊಂಡು, "ಬರ್ತೀವಪ್ಪ. ಎಂಎಲ್ಎಗೆ ನಿನ್ ಮಾತು ಕೇಳಿದ್ವಿ. ಇದು ಡೆಲ್ಲಿ ವೋಟು, ಮೊಮ್ಮಗ ಹೇಳ್ದಂಗೆ ಆಗ್ಲಿ" ಅಂದರು. ನಾನು ತಲೆಯಾಡಿಸಿ ಮುಂದಿನ ಮನೆಗೆ ಹೋದೆ. ಆ ಮೊಮ್ಮಗ ನಾನು ಗುರುತಿಲ್ಲದೆ ಬಿಟ್ಟ ಹೆಸರುಗಳಲ್ಲಿ ಒಬ್ಬ. ಒಳಗೆ ಕೂತು ಟಿವಿಯಲ್ಲಿ ಬಾಲಾಕೋಟ್ ವಾಯುದಾಳಿಯ ಸುದ್ದಿ ನೋಡುತ್ತಿದ್ದ. ಐದು ನಿಮಿಷ ಅವನ ಪಕ್ಕ ಕೂತಿದ್ದರೆ ಅವನು ಏನು ಯೋಚಿಸುತ್ತಿದ್ದಾನೆ ಅಂತಾದರೂ ತಿಳಿಯುತ್ತಿತ್ತು.

ಏಪ್ರಿಲ್ 18ಕ್ಕೆ ನಮ್ಮ ಬೂತ್‌ನಲ್ಲಿ ಸಾಲು ಉದ್ದ ಇತ್ತು. ನನಗೆ ಸಂತೋಷವಾಗಿತ್ತು. ಮೇ 23ರಂದು ನಾನು ಎಣಿಕೆ ಏಜೆಂಟ್. ತಂತಿ ಬಲೆಯ ಈಚೆ ಕೂತಿದ್ದಾಗ ನಮ್ಮ ಬೂತ್‌ನ ಯಂತ್ರವೇ ನನ್ನ ಟೇಬಲ್‌ಗೆ ಬಂತು. ಗುಂಡಿ ಒತ್ತಿದರು, ಅಂಕಿ ಬಂತು. ನಮಗೆ ಮುನ್ನೂರಕ್ಕಿಂತ ಕಡಿಮೆ. ಆರುನೂರು ಟಿಕ್ ಹಾಕಿದ್ದ ಪಟ್ಟಿ ನನ್ನ ಜೇಬಿನಲ್ಲೇ ಇತ್ತು. ಎದುರು ಪಕ್ಷದ ಮತಗಳಲ್ಲಿ ನಾನೇ ಫೋನ್ ಮಾಡಿ ಕರೆಸಿದ್ದು ಎಷ್ಟೋ. ಆ ಮಧ್ಯಾಹ್ನ ಊಟ ಇಳಿಯಲಿಲ್ಲ.

ಕ್ಷೇತ್ರದಲ್ಲಿ ನಮ್ಮ ಅಭ್ಯರ್ಥಿ, ಕಾಂಗ್ರೆಸ್‌ನ ವೀರಪ್ಪ ಮೊಯಿಲಿ ಅವರು ಬಿಜೆಪಿಯ ಬಚ್ಚೇಗೌಡರ ಎದುರು ಒಂದೂಮುಕ್ಕಾಲು ಲಕ್ಷಕ್ಕೂ ಜಾಸ್ತಿ ಮತಗಳಿಂದ ಸೋತರು. ಏಳು ಕಡೆ ಮೈತ್ರಿಯ ಶಾಸಕರಿದ್ದೂ ಈ ಸೋಲು. 2014ರಲ್ಲಿ ಇದೇ ಬಚ್ಚೇಗೌಡರ ಎದುರು ಮೊಯಿಲಿಯವರು ಹತ್ತು ಸಾವಿರಕ್ಕಿಂತ ಕಡಿಮೆ ಅಂತರದಲ್ಲಿ ಗೆದ್ದಿದ್ದರು. ಆಗ ದಳದ ಕುಮಾರಸ್ವಾಮಿಯವರೂ ಕಣದಲ್ಲಿದ್ದರು, ಮತ ಮೂರು ಪಾಲಾಗಿತ್ತು. ಆ ಗೆಲುವನ್ನು ನಾವು ನಮ್ಮ ಬಲ ಅಂದುಕೊಂಡಿದ್ದೆವು. ರಾಜ್ಯದಲ್ಲಿ ಆ ಸಲ ಕಾಂಗ್ರೆಸ್‌ಗೆ ಬೆಂಗಳೂರು ಗ್ರಾಮಾಂತರ, ದಳಕ್ಕೆ ಹಾಸನ, ಮಂಡ್ಯದಲ್ಲಿ ಪಕ್ಷೇತರರಾಗಿ ಸುಮಲತಾ, ಉಳಿದ 25 ಬಿಜೆಪಿಗೆ.

ನಮ್ಮಲ್ಲಿ ಮಾತ್ರ ಹೀಗಾಗಿದ್ದಲ್ಲ. 2018ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸ್‌ಗಢದಲ್ಲಿ ಸರ್ಕಾರ ಮಾಡಿತು. ಐದಾರು ತಿಂಗಳಲ್ಲಿ ಲೋಕಸಭೆ ಬಂತು. ರಾಜಸ್ಥಾನದಲ್ಲಿ 25ಕ್ಕೆ ಸೊನ್ನೆ, ಮಧ್ಯಪ್ರದೇಶದಲ್ಲಿ 29ಕ್ಕೆ ಒಂದು, ಛತ್ತೀಸ್‌ಗಢದಲ್ಲಿ 11ಕ್ಕೆ ಎರಡು. ಇದೇ ಮಾತನ್ನು ಕರ್ನಾಟಕದವರು ಕಾಂಗ್ರೆಸ್ ಪರವಾಗಿಯೂ ಹೇಳಿದ್ದಾರೆ. 1984ರ ಡಿಸೆಂಬರ್‌ನಲ್ಲಿ 28ರಲ್ಲಿ 24 ಸೀಟು ಕಾಂಗ್ರೆಸ್‌ಗೆ ಕೊಟ್ಟರು. ಆಗ ಜನತಾ ಪಕ್ಷದ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. ಮೂರೇ ತಿಂಗಳಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಶಾಸಕರನ್ನು ಕೊಟ್ಟರು. ಆ ಅಜ್ಜಿಗೆ ಆಗಲೇ ವೋಟು ಹಾಕುವ ವಯಸ್ಸು. ಡೆಲ್ಲಿ ವೋಟು ಬೇರೆ ಅನ್ನುವುದು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು.

ಹಾಗಾಗಿ 135 ಇದ್ದದ್ದು 9ಕ್ಕೆ "ಇಳಿಯಿತು" ಅನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. 2023ರಲ್ಲಿ ಕಾಂಗ್ರೆಸ್‌ಗೆ ಬಂದದ್ದು 43%ಗೆ ಸ್ವಲ್ಪ ಕಡಿಮೆ, 2024ರಲ್ಲಿ 45%ಗೂ ಜಾಸ್ತಿ. ಮತ ಏರಿದೆ. ಬೇರೆಬೇರೆ ನಿಂತಿದ್ದ ಬಿಜೆಪಿ, ದಳ ಈ ಸಲ ಒಂದಾದವು, ಇಬ್ಬರದೂ ಸೇರಿ 51% ದಾಟಿತು. ನಮಗೆ 2019ರಲ್ಲಿ ಕೂಡದ ಲೆಕ್ಕ ಅವರಿಗೆ ಯಾಕೆ ಕೂಡಿತು? ನನ್ನ ಬೀದಿಯಲ್ಲಿ ಕಂಡದ್ದು ಹೇಳುತ್ತೇನೆ. ದಳದ ಮನೆಗಳು ಡೆಲ್ಲಿ ವೋಟಿನ ವಿಷಯದಲ್ಲಿ 2019ರಲ್ಲೇ ಆ ಕಡೆ ಹೋಗಿಯಾಗಿತ್ತು. ನಾಯಕರು ಅವರ ಹಿಂದೆ ಹೋದರು.

ನಾಯಕ ಬದಲಾದರೆ ಸಾಕು ಅನ್ನುವುದನ್ನೂ ನಾನು ನಂಬುವುದಿಲ್ಲ. "ನಿಮ್ಮಲ್ಲಿ ಪ್ರಧಾನಿ ಯಾರು?" ಅಂತ ಬಾಗಿಲಲ್ಲಿ ಕೇಳುತ್ತಾರೆ, ನಿಜ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅದು ದೊಡ್ಡ ಕೊರತೆ. ಆದರೆ ಉತ್ತರ ಪ್ರದೇಶ ನೋಡಿ. 1984ರಲ್ಲಿ 85ರಲ್ಲಿ 83 ಗೆದ್ದ ರಾಜ್ಯದಲ್ಲಿ 2019ಕ್ಕೆ ಉಳಿದದ್ದು ರಾಯ್‌ಬರೇಲಿ ಒಂದೇ, 2024ಕ್ಕೆ ಆರು. ಬಿಹಾರ ಸೇರಿಸಿದರೆ ಎರಡೂ ರಾಜ್ಯಗಳಲ್ಲಿ ಇರುವುದು ಒಟ್ಟು 120 ಸೀಟು. ಅಲ್ಲಿ ನೂರಾರು ಬೀದಿಗಳಲ್ಲಿ ಪಟ್ಟಿ ಹಿಡಿದು ಹೋಗುವ ಒಬ್ಬನೂ ಇಲ್ಲ. ಯಾರ ಹೆಸರು ಹೇಳಿದರೂ ಆ ಹೆಸರನ್ನು ಬಾಗಿಲಿಗೆ ಒಯ್ಯುವವರು ಬೇಕು. 2019ರಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 72,000 ರೂಪಾಯಿ ಕೊಡುವ ನ್ಯಾಯ್ ಯೋಜನೆ ಘೋಷಿಸಿದ್ದು ಮಾರ್ಚ್ 25ಕ್ಕೆ. ನಮ್ಮ ಮತದಾನಕ್ಕೆ ಉಳಿದದ್ದು ಮೂರು ವಾರ ಚಿಲ್ಲರೆ. ನನ್ನ ಬೀದಿಯಲ್ಲಿ ಅದು ಏನು ಅಂತ ಯಾರಿಗೂ ತಿಳಿಯಲಿಲ್ಲ, ಹೇಳಬೇಕಾದವನು ನಾನೇ ಹೋಗಿರಲಿಲ್ಲ.

2024ರಲ್ಲಿ ಖಾಲಿ ಪಟ್ಟಿ ತೆಗೆದುಕೊಂಡು ಹೋದೆ. ಪ್ರತಿ ಮನೆಯಲ್ಲಿ ಎರಡು ಪ್ರಶ್ನೆ ಬೇರೆಬೇರೆ ಕೇಳಿದೆ, ರಾಜ್ಯಕ್ಕೆ ಯಾರು, ದಿಲ್ಲಿಗೆ ಯಾರು. ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತಿದೆ, ಬಸ್ಸಿಗೆ ದುಡ್ಡು ಕೊಡಬೇಕಿಲ್ಲ ಅಂತ ಮನಸಾರೆ ಹೊಗಳಿದ ಹೆಂಗಸರೇ ಎರಡನೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟರು. ಬರೆದುಕೊಂಡೆ. ಅಂಥ ಮನೆಗಳಿಗೆ ಮೂರು ಸಲ ಹೋದೆ. ನೂಲಿನ ಬೆಲೆ, ಜಿಎಸ್‌ಟಿ, ಇವೆಲ್ಲ ದಿಲ್ಲಿಯಲ್ಲೇ ತೀರ್ಮಾನ ಆಗುವುದು ಅಂತ ಮಗ್ಗದ ಪಕ್ಕದಲ್ಲೇ ಕೂತು ಮಾತಾಡಿದೆ. ಕೆಲವರು ಬದಲಾದರು. ಕ್ಷೇತ್ರದಲ್ಲಿ ಬಿಜೆಪಿಯ ಸುಧಾಕರ್ ಅವರೇ ದೊಡ್ಡ ಅಂತರದಲ್ಲಿ ಗೆದ್ದರು, ನನ್ನ ಬೂತ್‌ನಲ್ಲೂ ನಾವು ಸೋತೆವು. ಆದರೆ ಅಂತರ ಅರ್ಧಕ್ಕಿಂತ ಕಡಿಮೆಯಾಗಿತ್ತು.

ನಿಮಗೆ ಮಾಡಲು ಒಂದು ಕೆಲಸ ಇದೆ, ಚುನಾವಣೆ ಬರುವವರೆಗೂ ಕಾಯಬೇಡಿ. ಫಾರಂ 20 ಅಂತ ಇರುತ್ತದೆ, ಬೂತ್‌ವಾರು ಮತ ಅದರಲ್ಲಿ ಸಿಗುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟ್‌ನಲ್ಲಿ ಹುಡುಕಿ. ನಿಮ್ಮ ಬೂತ್‌ನ 2023ರದ್ದು, 2024ರದ್ದು ಎರಡೂ ಪಕ್ಕಪಕ್ಕ ಇಟ್ಟು ನೋಡಿ. ಎಷ್ಟು ಮತ ವ್ಯತ್ಯಾಸ ಇದೆಯೋ ಅಷ್ಟು ಜನ ನಿಮ್ಮ ಬೀದಿಯಲ್ಲೇ ಇದ್ದಾರೆ. ಈ ಭಾನುವಾರದಿಂದಲೇ ಹೋಗಿ, ಮೊದಲು ಹದಿನೆಂಟು ಹತ್ತೊಂಬತ್ತರ ಹುಡುಗರಿರುವ ಮನೆಗಳಿಗೆ. ಪಟ್ಟಿಯಲ್ಲಿ ಮೊದಲೇ ಏನೂ ಗುರುತು ಹಾಕಿಕೊಂಡು ಹೋಗಬೇಡಿ.