ಪಾರ್ಕಿಂಗ್ ಲಾಟಲ್ಲಿ ಕಾರು ತಾಗಿದೆ, 800 ಡಾಲರ್ ಕೊಡ್ಲಾ ಅಂತ ಕೇಳಿದ ತಮ್ಮನಿಗೆ

ತಮ್ಮ, ನೀನು ಬರೆದಿದ್ದು ಪೂರ್ತಿ ಓದಿದೆ. ಕೆನಡಾದ ಬ್ರಾಂಪ್ಟನ್‌ಗೆ ಬಂದು ಇನ್ನೂ ಹೊಸತು, ಕಾರು ರೂಮ್‌ಮೇಟ್ ಹುಡುಗನದ್ದು, ಶನಿವಾರ ಸಂಜೆ ದಿನಸಿ ತಗೊಂಡು ರಿವರ್ಸ್ ತೆಗೆಯುವಾಗ ಲೇನ್‌ನಲ್ಲಿ ಬರ್ತಿದ್ದ ಕಾರಿನ ಹಿಂದಿನ ಬಾಗಿಲಿಗೆ ನಿನ್ನ ಬಂಪರ್ ತಾಗಿದೆ. ಆ ಕಾರಿನವನು "ಇನ್ಶೂರೆನ್ಸ್ ಎಲ್ಲ ಬೇಡ, 800 ಡಾಲರ್ ಕ್ಯಾಶ್ ಕೊಡು, ಮುಗಿಸೋಣ" ಅಂದಿದ್ದಾನೆ, ಈಗ ಮೆಸೇಜ್ ಮೇಲೆ ಮೆಸೇಜ್ ಹಾಕ್ತಿದ್ದಾನೆ. ತಪ್ಪು ಯಾರದು, ದುಡ್ಡು ಕೊಡಬೇಕಾ, ಪೊಲೀಸರ ಹತ್ರ ಹೋಗಬೇಕಾ, ಪಿಆರ್‌ಗೆ (ಇಲ್ಲೇ ಖಾಯಂ ನೆಲೆಸೋ ಅನುಮತಿಗೆ) ತೊಂದರೆ ಆಗುತ್ತಾ, ಇಷ್ಟು ನಿನ್ನ ಪ್ರಶ್ನೆ. ನಾನು ಹೇಳೋದು ನಾವಿರೋ ಒಂಟಾರಿಯೋ ಪ್ರಾಂತ್ಯದ ಲೆಕ್ಕ ಮಾತ್ರ. ಬೇರೆ ಪ್ರಾಂತ್ಯದ ಕ್ಯಾಲ್ಗರಿಯಲ್ಲಿರೋ ಗೆಳೆಯ ಬೇರೆ ಹೇಳಿದರೆ ಅದು ಅಲ್ಲಿಗೆ ಸರಿ ಇರಬಹುದು.

ತಪ್ಪು ನಿನ್ನದೇ. ಅವನು ಜೋರಾಗಿ ಬಂದ, ಪಕ್ಕದಲ್ಲಿ ದೊಡ್ಡ ವ್ಯಾನ್ ನಿಂತಿತ್ತು, ಏನೂ ಕಾಣಲಿಲ್ಲ ಅಂತ ಅಷ್ಟುದ್ದ ಬರೆದಿದ್ದೀಯಲ್ಲ, ಅದು ಯಾವುದೂ ಇಲ್ಲಿ ಎಣಿಕೆಗೆ ಬರೋದಿಲ್ಲ.

ನೀನು ಕೊಪ್ಪಳದವನು, ನಾನು ಬಳ್ಳಾರಿ. ನಮ್ಮ ಮೋತಿ ಸರ್ಕಲ್ ಹತ್ರ ಸ್ಕೂಟರ್ ಒಂದು ಆಟೋಗೆ ತಾಗಿದರೆ ಏನಾಗುತ್ತೆ ಅಂತ ಇಬ್ಬರಿಗೂ ಗೊತ್ತು. ಮೊದಲು ಜನ ಸೇರುತ್ತಾರೆ. ದೊಡ್ಡ ಗಾಡಿಯವನದೇ ತಪ್ಪು ಅಂತ ಅರ್ಧ ಜನ, ನೋಡೇ ಇಲ್ಲದ ಇನ್ನರ್ಧ ಜನ ಅದಕ್ಕೆ ಹೌದು ಹೌದು ಅನ್ನುತ್ತಾರೆ, ಪಾನ್ ಅಂಗಡಿಯವನು ನ್ಯಾಯ ಹೇಳುತ್ತಾನೆ, ಐನೂರೋ ಸಾವಿರವೋ ಕೈ ಬದಲಾಗುತ್ತೆ. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಅನ್ನೋದು ನಮ್ಮ ಕಡೆ ರಸ್ತೆಗೂ ಸರಿಹೋಗುತ್ತೆ. ಇಲ್ಲಿ ಆ ಬಾಯಿಗೆ ಕೆಲಸವೇ ಇಲ್ಲ. ಯಾರ ತಪ್ಪು ಅನ್ನೋದನ್ನ ಪಾರ್ಕಿಂಗ್ ಲಾಟಲ್ಲಿ ನಿಂತು ಯಾರೂ ತೀರ್ಮಾನ ಮಾಡೋದಿಲ್ಲ, ನೀವಿಬ್ಬರೂ ಅಲ್ಲ, ಪೊಲೀಸೂ ಅಲ್ಲ.

ಅದನ್ನ ಮಾಡೋದು ಇನ್ಶೂರೆನ್ಸ್ ಕಂಪನಿ. ಅವರ ಕೈಯಲ್ಲಿ ಸರ್ಕಾರದ್ದೇ ನಿಯಮಾವಳಿ ಇರುತ್ತೆ, ಫಾಲ್ಟ್ ಡಿಟರ್ಮಿನೇಷನ್ ರೂಲ್ಸ್ ಅಂತ, 1990ರ ರೆಗ್ಯುಲೇಷನ್ 668. ಹವಾಮಾನ, ರಸ್ತೆ ಹೇಗಿತ್ತು, ಕಾಣ್ತಿತ್ತೋ ಇಲ್ವೋ, ಕಾರಿನ ಯಾವ ಭಾಗಕ್ಕೆ ಬಡಿಯಿತು, ಇದ್ಯಾವುದನ್ನೂ ನೋಡಬಾರದು ಅಂತ ಅದರಲ್ಲೇ ಬರೆದಿದೆ. ನೋಡೋದು ಯಾರು ಯಾರಿಗೆ ದಾರಿ ಬಿಡಬೇಕಿತ್ತು ಅಂತ ಅಷ್ಟೇ. ಪಾರ್ಕಿಂಗ್ ಲಾಟಿಗೆ ಬೇರೆಯೇ ನಿಯಮ ಇದೆ. ಒಳಗೆ ಬರೋ ಹೊರಗೆ ಹೋಗೋ ಮುಖ್ಯ ದಾರಿ ಒಂದು, ಕಾರು ನಿಲ್ಲಿಸೋ ಸಾಲುಗಳ ನಡುವಿನ ಸಣ್ಣ ಲೇನ್ ಇನ್ನೊಂದು. ಸಣ್ಣ ಲೇನಿನವನು ಮುಖ್ಯ ದಾರಿಯವನಿಗೆ ಬಿಡಬೇಕು. ನಿಲ್ಲಿಸಿದ ಜಾಗದಿಂದ ಹೊರಗೆ ಬರೋನು ಇಬ್ಬರಿಗೂ ಬಿಡಬೇಕು. ಬಿಡದೆ ತಾಗಿಸಿದರೆ ಅವನದು ನೂರಕ್ಕೆ ನೂರು ತಪ್ಪು. ಎದುರುಬದುರಾಗಿ ಇಬ್ಬರೂ ಒಂದೇ ಸಲ ರಿವರ್ಸ್ ಬಂದು ತಾಗಿಸಿಕೊಂಡರೆ ಸಾಮಾನ್ಯವಾಗಿ ಅರ್ಧರ್ಧ. ನಿನ್ನದು ಹಾಗಲ್ಲ.

ಈಗ ಆ 800 ಡಾಲರ್. ಇಲ್ಲಿ ನಿನ್ನಂಥ ಹೊಸಬರು ಹೆದರಿ ದುಡ್ಡು ಕೊಟ್ಟುಬಿಡುತ್ತಾರೆ. ನನಗೆ ಹೊಟ್ಟೆ ಉರಿಯೋದೇ ಅದಕ್ಕೆ. ತಪ್ಪು ನಿನ್ನದಾದರೂ ಅವನ ಕಾರಿನ ರಿಪೇರಿ ಖರ್ಚು ನಿನ್ನ ಜೇಬಿಂದ ಬರಬೇಕಾಗಿಲ್ಲ! ಒಂಟಾರಿಯೋದಲ್ಲಿ ತಪ್ಪಿಲ್ಲದವನಿಗೆ ಅವನ ಸ್ವಂತ ಇನ್ಶೂರೆನ್ಸ್ ಕಂಪನಿಯೇ ಕೊಡುತ್ತೆ, ಡಿಸಿಪಿಡಿ (ಡೈರೆಕ್ಟ್ ಕಾಂಪೆನ್ಸೇಷನ್ ಪ್ರಾಪರ್ಟಿ ಡ್ಯಾಮೇಜ್) ಅನ್ನೋ ಕವರೇಜ್ ಕೆಳಗೆ. ಇಬ್ಬರ ಕಾರಿಗೂ ಇಲ್ಲಿಯ ಇನ್ಶೂರೆನ್ಸ್ ಇದ್ದರೆ ಕಾರಿನ ಡ್ಯಾಮೇಜ್‌ಗೆ ಅವನು ನಿನ್ನ ಮೇಲೆ ಕೇಸು ಹಾಕೋ ಹಾಗೂ ಇಲ್ಲ. ಹಾಗಿದ್ದರೂ ಅವನು ಕ್ಯಾಶಿಗೇ ಜೋತು ಬಿದ್ದಿದ್ದಾನೆ ಅಂದರೆ ಒಂದು ಅನುಮಾನ ನನಗೆ. 2024ರ ಜನವರಿಯಿಂದ ಡಿಸಿಪಿಡಿ ಬೇಡ ಅಂತ ಬಿಡೋಕೆ ಅವಕಾಶ ಇದೆ, ಪ್ರೀಮಿಯಂ ಸ್ವಲ್ಪ ಇಳಿಯುತ್ತೆ ಅಂತ ಕೆಲವರು ಬಿಟ್ಟಿದ್ದಾರೆ. ಹಾಗೆ ಬಿಟ್ಟವನಿಗೆ ರಿಪೇರಿಗೆ ಎಲ್ಲಿಂದಲೂ ದುಡ್ಡು ಹುಟ್ಟೋದಿಲ್ಲ. ಇವನೂ ಬಿಟ್ಟಿದ್ದಾನೋ, ಇಲ್ಲ ಸುಮ್ನೆ ರಗಳೆ ಬೇಡ ಅನ್ನೋ ಮನುಷ್ಯನೋ, ನೀನೇ ವಿಚಾರಿಸು.

ಆದರೂ ದುಡ್ಡು ಕೊಡೋದೇ ವಾಸಿ ಅನ್ನೋ ಸಂದರ್ಭಗಳಿವೆ. ಊರಲ್ಲಿ ನೋ ಕ್ಲೇಮ್ ಬೋನಸ್ ಹೋಗುತ್ತೆ ಅಂತ ಸಣ್ಣ ಡೆಂಟಿಗೆ ಕ್ಲೇಮ್ ಮಾಡದೆ ಬಿಡ್ತೀವಲ್ಲ, ಅದೇ ಲೆಕ್ಕ ಇಲ್ಲೂ ಇದೆ, ಹೊರೆ ಮಾತ್ರ ಜಾಸ್ತಿ. ತಪ್ಪಿನ ಕ್ಲೇಮ್ ಒಂದು ಬಿದ್ದರೆ ಸಾಮಾನ್ಯವಾಗಿ 6 ವರ್ಷ ದಾಖಲೆಯಲ್ಲಿರುತ್ತೆ, ಹೊಸ ಲೈಸೆನ್ಸ್‌ನವರ ಪ್ರೀಮಿಯಂ ಮೊದಲೇ ಕಣ್ಣೀರು ತರಿಸುತ್ತೆ. 2016ರಿಂದ ಒಂದು ಅನುಕೂಲ ಇದೆ: ಯಾರಿಗೂ ಪೆಟ್ಟಾಗಿಲ್ಲ, ಒಂದೊಂದು ಕಾರಿನ ಡ್ಯಾಮೇಜ್ 2,000 ಡಾಲರ್ ಒಳಗಿದೆ, ತಪ್ಪು ಮಾಡಿದವನೇ ದುಡ್ಡು ಕೊಟ್ಟಿದ್ದಾನೆ, ಕಂಪನಿ ಒಂದು ಪೈಸೆ ಕೊಟ್ಟಿಲ್ಲ ಅಂದರೆ ಅದನ್ನ ನೆಪ ಮಾಡಿ ಪ್ರೀಮಿಯಂ ಏರಿಸೋ ಹಾಗಿಲ್ಲ. 3 ವರ್ಷಕ್ಕೆ ಒಂದು ಸಲ ಮಾತ್ರ ಇದು.

ಅದಕ್ಕೆ ಅಂತ ಅವನ ಬಾಯಿಮಾತಿನ 800 ಕೊಡಬೇಡ. ಬಾಡಿ ಶಾಪಿಂದ ಬರಹದಲ್ಲಿ ಎಸ್ಟಿಮೇಟ್ ತರೋಕೆ ಹೇಳು. ಕಾರಿನ ಬಾಗಿಲ ಮೇಲೆ ಅಂಗೈಯಷ್ಟು ಗೀರು ಬಿದ್ದಿದ್ದರೂ ಅಷ್ಟಕ್ಕೇ ಬಣ್ಣ ಹೊಡೆಯೋದಿಲ್ಲ, ಇಡೀ ಬಾಗಿಲಿಗೆ ಹೊಡೆದು, ಬಣ್ಣ ಬೇರೆ ಕಾಣಬಾರದು ಅಂತ ಪಕ್ಕದ ಭಾಗದ ಮೇಲೂ ತೆಳುವಾಗಿ ಎಳೆಯುತ್ತಾರೆ. ಬಿಲ್ ಏರೋದು ಅಲ್ಲೇ. ನಿನ್ನ ಬಂಪರ್ ಕೂಡ ನೋಡಿಸು. ಪ್ಲಾಸ್ಟಿಕ್ ತಾಗಿ ಒಳಗೆ ಹೋಗಿ ವಾಪಸ್ ಉಬ್ಬಿ ಮೊದಲಿನ ಹಾಗೇ ಕಾಣುತ್ತೆ, ಹಿಂದಿರೋ ಕ್ಲಿಪ್ ಮುರಿದಿರುತ್ತೆ, ಪಾರ್ಕಿಂಗ್ ಸೆನ್ಸರ್ ಒಂದು ಬೆರಳಿನಷ್ಟು ವಾಲಿರುತ್ತೆ. ಆಮೇಲೆ ಗ್ಯಾರೇಜಿನ ಗೋಡೆ ಇಲ್ಲದ ಕಡೆಯೂ ಕಾರು ಕಿರುಚುತ್ತೆ.

ಎಸ್ಟಿಮೇಟ್ ಸಾವಿರದ ಆಸುಪಾಸಿನಲ್ಲಿದ್ದರೆ ನಾನಾದರೆ ಕೊಟ್ಟು ಮುಗಿಸುತ್ತೇನೆ. ಕ್ಯಾಶ್ ಅಲ್ಲ, ಇ-ಟ್ರಾನ್ಸ್‌ಫರ್. ದಿನಾಂಕ, ಎರಡೂ ಕಾರಿನ ನಂಬರ್, ಮೊತ್ತ, ಇನ್ನು ಏನೂ ಕೇಳೋದಿಲ್ಲ ಅನ್ನೋ ಒಂದು ಸಾಲು, ಅವನ ಸಹಿ. ಸಹಿ ಹಾಕಲ್ಲ ಅಂದರೆ ದುಡ್ಡೂ ಇಲ್ಲ, ಇನ್ಶೂರೆನ್ಸ್ ನೋಡಿಕೊಳ್ಳಲಿ. ಸಾರಿ ಅಂದುಬಿಟ್ಟೆ ಅಂತ ಕೊರಗಿದ್ದೀಯಲ್ಲ, ಬಿಡು. ಇಲ್ಲಿ 2009ರಿಂದ ಅಪಾಲಜಿ ಆ್ಯಕ್ಟ್ ಅಂತ ಕಾಯ್ದೆಯೇ ಇದೆ, ಸಾರಿ ಅಂದಿದ್ದನ್ನ ತಪ್ಪು ಒಪ್ಪಿಕೊಂಡ ಹಾಗೆ ಅಂತ ಹಿಡಿಯೋ ಹಾಗಿಲ್ಲ. ಆದರೆ ಎಷ್ಟಾದರೂ ಕೊಡ್ತೀನಿ ಅಂತ ಮೆಸೇಜ್ ಮಾತ್ರ ಹಾಕಬೇಡ.

ಪೊಲೀಸ್ ವಿಚಾರ ಚಿಕ್ಕದು. ಯಾರಿಗೂ ಪೆಟ್ಟಾಗಿಲ್ಲ, ಒಟ್ಟು ಡ್ಯಾಮೇಜ್ 5,000 ಡಾಲರ್ ದಾಟಿಲ್ಲ ಅಂದರೆ ವರದಿ ಕಡ್ಡಾಯ ಅಲ್ಲ. 2024ರ ಕೊನೆವರೆಗೆ ಈ ಮಿತಿ 2,000 ಇತ್ತು, ಹಳಬರು ಇನ್ನೂ ಅದನ್ನೇ ಹೇಳುತ್ತಾರೆ. ಇನ್ಶೂರೆನ್ಸ್‌ನವರು ಕೇಳಿದರೆ ಕೊಲಿಷನ್ ರಿಪೋರ್ಟಿಂಗ್ ಸೆಂಟರ್‌ಗೆ ಕಾರು ತಗೊಂಡು ಹೋಗಿ ಬಾ.

ಪಿಆರ್‌ಗೆ ಏನೂ ಆಗೋದಿಲ್ಲ. ಇದು ಇನ್ಶೂರೆನ್ಸ್ ಲೆಕ್ಕದ ತಪ್ಪು, ಅಪರಾಧ ಅಲ್ಲ.

ನೀನು ಕೇಳದೇ ಬಿಟ್ಟ ವಿಷಯ ಇನ್ನೊಂದಿದೆ. ರೂಮ್‌ಮೇಟ್‌ಗೆ ಇನ್ನೂ ಹೇಳಿಲ್ಲ ಅಂತ ನಡುವೆ ಒಂದು ಸಾಲು ತೂರಿಸಿದ್ದೀಯ. ಕ್ಲೇಮ್ ಆದರೆ ಅದು ಬೀಳೋದು ಅವನ ಪಾಲಿಸಿ ಮೇಲೆ. ದುಡ್ಡು ಕೊಟ್ಟು ಮುಗಿಸಿದರೂ 7 ದಿನದ ಒಳಗೆ ಕಂಪನಿಗೆ ತಿಳಿಸಬೇಕು, ತಿಳಿಸಬೇಕಾದವನು ಅವನು. ನೀನು ಅದೇ ಮನೇಲಿದ್ದು ಆಗಾಗ ಓಡಿಸ್ತೀಯ ಅಂದರೆ ನಿನ್ನ ಹೆಸರು ಪಾಲಿಸಿಯಲ್ಲಿ ಇದೆಯಾ ಅನ್ನೋದೂ ಆಗ ಹೊರಗೆ ಬರುತ್ತೆ. ಇಲ್ಲದಿದ್ದರೆ ಅವನು ಅದಕ್ಕೂ ಉತ್ತರ ಕೊಡಬೇಕು. ಸಿಂಧನೂರಿನ ಹುಡುಗ ಅಂದಿದ್ದೀಯ, ಒಂದಷ್ಟು ಬೈತಾನೆ, ಬೈಸಿಕೋ. ಇವತ್ತು ರಾತ್ರಿನೇ ಹೇಳು, ಸೋಮವಾರ ಬೆಳಗ್ಗೆ ಇಬ್ಬರೂ ಕೂತು ಸ್ಪೀಕರ್ ಹಾಕಿ ಕಂಪನಿಗೆ ಫೋನ್ ಮಾಡಿ. ಪಿಂಕ್ ಸ್ಲಿಪ್ (ಇನ್ಶೂರೆನ್ಸ್ ಇದೆ ಅನ್ನೋ ಚೀಟಿ), ಆ ಕಾರಿನ ನಂಬರ್, ನೀನು ತೆಗೆದ ಫೋಟೋ ಪಕ್ಕದಲ್ಲಿಟ್ಕೊಳ್ಳಿ. ಫೋಟೋದಲ್ಲಿ ನೆಲದ ಮೇಲಿನ ಬಿಳಿ ಗೆರೆ ಕಾಣದಿದ್ದರೆ ಫೋನಿಗೆ ಮೊದಲೇ ಆ ಜಾಗಕ್ಕೆ ಹೋಗಿ ಖಾಲಿ ಲೇನ್‌ದು ಒಂದೆರಡು ತೆಗೆದುಕೊಂಡು ಬನ್ನಿ.