ಬ್ಯಾಟರಿಗೆ ಮುನ್ನ ಮೀಟರ್ ನೋಡಿ

ಚಾವಣಿಯ ಮೇಲೆ ಸೌರ ಫಲಕಗಳಿವೆ, ಬ್ಯಾಟರಿಯನ್ನೂ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಮೊದಲು ಒಂದು ವಾರ ಸೂರ್ಯ ಮುಳುಗಿದಾಗೊಮ್ಮೆ, ಬೆಳಗ್ಗೆ ಎದ್ದಾಗೊಮ್ಮೆ ಮೀಟರಿನ ಅಂಕಿ ಬರೆದಿಡಿ; ಎರಡರ ವ್ಯತ್ಯಾಸವೇ ರಾತ್ರಿಯ ಬಳಕೆ. ರಾತ್ರಿಗೆ 4 ಯೂನಿಟ್ ಸಾಕಾಗುವ ಮನೆಗೆ 10 ಯೂನಿಟ್‌ನ ಬ್ಯಾಟರಿ ದಂಡ. ಗ್ರಿಡ್‌ಗೆ, ಅಂದರೆ ವಿದ್ಯುತ್ ಕಂಪನಿಯ ತಂತಿಜಾಲಕ್ಕೆ, ಕೊಡುವ ವಿದ್ಯುತ್ತಿಗೂ ಕೊಳ್ಳುವ ದರವೇ ಸಿಗುತ್ತಿದ್ದರೆ, ಉಳಿತಾಯದ ದೃಷ್ಟಿಯಿಂದ ಬ್ಯಾಟರಿ ಬೇಡವೇ ಬೇಡ; ತುಂಬಿಸಿ ತೆಗೆಯುವಾಗ ಒಂದಿಷ್ಟು ಸೋರಿಹೋಗುವುದು ಬೇರೆ.

ಪದೇ ಪದೇ ಕರೆಂಟು ಹೋಗುವುದಾದರೆ ಮಾತು ಬೇರೆ. ಅನೇಕರಿಗೆ ಇದು ಗೊತ್ತಿರುವುದಿಲ್ಲ: ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಸೌರ ಇನ್ವರ್ಟರ್ (ಫಲಕಗಳ ವಿದ್ಯುತ್ತನ್ನು ಮನೆಬಳಕೆಗೆ ಒಗ್ಗಿಸುವ ಪೆಟ್ಟಿಗೆ), ತಂತಿ ದುರಸ್ತಿ ಮಾಡುವವರ ಜೀವರಕ್ಷಣೆಗೆಂದು, ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ನೆತ್ತಿ ಸುಡುವ ಬಿಸಿಲಿದ್ದರೂ ಫ್ಯಾನ್ ತಿರುಗುವುದಿಲ್ಲ. ಹಾಗಾಗಿ ಬ್ಯಾಟರಿಯ ಜೊತೆಗೆ ಬ್ಯಾಕಪ್ ಇರುವ, ಅಂದರೆ ಕರೆಂಟು ಹೋದಾಗಲೂ ಫಲಕ ಮತ್ತು ಬ್ಯಾಟರಿಯಿಂದ ಮನೆಗೆ ವಿದ್ಯುತ್ ಕೊಡಬಲ್ಲ, ಹೈಬ್ರಿಡ್ ಇನ್ವರ್ಟರೂ ಬೇಕು. ಆ ಖರ್ಚನ್ನು ಸೇರಿಸಿಯೇ ಲೆಕ್ಕ ಹಾಕಿ.