ಮುಂಬೈಯಲ್ಲಿ ಕಷ್ಟದಲ್ಲಿರುವವರು ಕಣ್ಣಿಗೇ ಬೀಳುತ್ತಿಲ್ಲ ಅಂದಿರಿ, ನಾನು ಕಿವಿಯಿಂದ ಶುರುಮಾಡಿದೆ

ಮುಂಬೈಗೆ ಬಂದು ಆರು ತಿಂಗಳಾಯಿತು, ಕಾಂದಿವಲಿಯಲ್ಲಿ ಮನೆ, ದಿನಾ ಸ್ಟೇಷನ್ ಮೆಟ್ಟಿಲ ಮೇಲೆ ಕೈಚಾಚುವವರನ್ನು ದಾಟಿಕೊಂಡು ಹೋಗುತ್ತೇನೆ, ಮೊದಮೊದಲು ಕರುಳು ಚುರುಕ್ ಅನ್ನುತ್ತಿತ್ತು, ಈಗ ಅವರು ಕಣ್ಣಿಗೇ ಬೀಳುತ್ತಿಲ್ಲ, ಕ್ರೈಸ್ತಳಾಗಿ ನಾನು ಎಲ್ಲಿಂದ ಶುರುಮಾಡಲಿ ಅಂತ ಕೇಳಿದ್ದೀರಿ. ನನಗೂ ಹೀಗೇ ಆಗಿತ್ತು. ಆರು ತಿಂಗಳಲ್ಲ, ನಾಲ್ಕು ವರ್ಷ.

ನಾನು ಬೀದರ್ ಜಿಲ್ಲೆಯವಳು. ಮೆಥೋಡಿಸ್ಟ್ ಮನೆತನ, ಭಾನುವಾರದ ಕನ್ನಡ ಆರಾಧನೆ ತಪ್ಪಿಸಿದವಳಲ್ಲ. ಆಫೀಸು ಪರೇಲ್‌ನಲ್ಲಿ. ದಾರಿಯಲ್ಲೇ ಟಾಟಾ ಮೆಮೋರಿಯಲ್ ಆಸ್ಪತ್ರೆ. 1941ರಲ್ಲಿ ಶುರುವಾದ ಕ್ಯಾನ್ಸರ್ ಆಸ್ಪತ್ರೆ ಅದು, ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಉಳಿಯಲು ಜಾಗ ಸಿಗದವರು ಸುತ್ತಮುತ್ತಲ ಫುಟ್‌ಪಾತ್ ಮೇಲೆ ಚಾಪೆ ಹಾಸಿಕೊಂಡು, ಮಳೆ ಬಂದರೆ ಮೇಲೊಂದು ಪ್ಲಾಸ್ಟಿಕ್ ಎಳೆದುಕೊಂಡು ಇರುತ್ತಾರೆ. ನಾಲ್ಕು ವರ್ಷ ಆ ಚಾಪೆಗಳ ಪಕ್ಕದಲ್ಲೇ ಲೇಟಾಯಿತು ಅಂತ ವಾಚು ನೋಡುತ್ತಾ ನಡೆದಿದ್ದೇನೆ.

ಒಂದು ದಿನ ಬೆಳಿಗ್ಗೆ ಹಿಂದಿನಿಂದ ಒಂದು ದನಿ ಕೇಳಿತು. "ತಡೀರಿ, ಇನ್ನೊಂದೀಟು ಹೋಗ್ಲಿ." ನಮ್ಮ ಕಡೆಯ ಕನ್ನಡ. ಕಾಲು ತಾನಾಗೇ ನಿಂತಿತು. ತಿರುಗಿ ನೋಡಿದರೆ ಒಬ್ಬ ಹೆಂಗಸು ದಪ್ಪ ಸಿರಿಂಜನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದರು, ಗಂಡನ ಮೂಗಿಗೆ ಹಾಕಿದ ಪೈಪಿನೊಳಗೆ ಬಿಳಿ ನೀರಿನಂಥದ್ದು ನಿಧಾನಕ್ಕೆ ಇಳಿಯುತ್ತಿತ್ತು. ಆಳಂದ ಕಡೆಯವರು. ಬಾಯಿ ಕ್ಯಾನ್ಸರ್.

ಆವತ್ತು ನಾನು ಓಡಿಹೋಗಿ ಒಂದು ಡಜನ್ ಬಾಳೆಹಣ್ಣು, ಒಂದು ಬ್ರೆಡ್ ತಂದುಕೊಟ್ಟೆ. ಬಾಯಿಂದ ಒಂದು ತುತ್ತೂ ನುಂಗಲಾಗದ ಮನುಷ್ಯನಿಗೆ! ಪೈಪು ಕಣ್ಣೆದುರೇ ಇತ್ತು. ಅವರು ತಗೊಂಡರು, ಕೈಮುಗಿದರು, ಪಕ್ಕಕ್ಕಿಟ್ಟರು. ಸಂಜೆವರೆಗೂ ಆಫೀಸಿನಲ್ಲಿ ನನಗೆ ಅದೇ ಕಣ್ಣಮುಂದೆ. ವಾಪಸ್ಸು ಹೋಗುವಾಗ ನಿಂತು ಕೇಳಿದೆ, ಅಕ್ಕಾ, ನಿಮಗೆ ಏನು ಬೇಕು? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಿಕ್ಸರ್ ಬೇಕ್ರಿ ಅಕ್ಕಾರ" ಅಂದರು. ನುಣ್ಣಗೆ ರುಬ್ಬಿ ಸೋಸದಿದ್ದರೆ ಪೈಪು ಕಟ್ಟಿಕೊಳ್ಳುತ್ತದೆ. ಹತ್ತಿರದ ಒಂದು ಸಣ್ಣ ಹೋಟೆಲ್‌ನಲ್ಲಿ ರುಬ್ಬಿ ಕೊಡುತ್ತಿದ್ದರಂತೆ, ಆದರೆ "ದಿನಾ ಕೇಳಾಕ ನಾಚಿಕಿ ಬರ್ತದ್ರಿ."

ಮಿಕ್ಸರ್! ನನ್ನ ತಲೆಗೆ ಅದು ನೂರು ವರ್ಷ ಯೋಚಿಸಿದ್ದರೂ ಹೊಳೆಯುತ್ತಿರಲಿಲ್ಲ. ಬೈಬಲಿನ ಮಾರ್ಕ 10ರಲ್ಲಿ ಕುರುಡ ಬಾರ್ತಿಮಾಯ ಕೂಗಿಕೊಂಡು ಬಂದಾಗ ಯೇಸು ಮೊದಲು ಕೇಳುವುದೇ ನಿನಗೆ ನಾನು ಏನು ಮಾಡಬೇಕು ಅಂತ. ಕಣ್ಣು ಕಾಣದವನಿಗೆ ಏನು ಬೇಕು ಅಂತ ಕರ್ತನಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು, ಆದರೂ ಕೇಳಿದ. ಚಿಕ್ಕಂದಿನಿಂದ ಕೇಳಿದ ಕಥೆ ನನಗೆ ಅರ್ಥವಾಗಿದ್ದು ಆವತ್ತು.

ಆಸ್ಪತ್ರೆಯವರು ಬರೆದುಕೊಟ್ಟ ಊಟದ ಚೀಟಿ ಅವರ ಹತ್ತಿರ ಇತ್ತು. ಅದರ ಪ್ರಕಾರ ಬೆಳಿಗ್ಗೆ ಐದಕ್ಕೆ ಎದ್ದು ಗಂಜಿ, ಬೇಳೆ ಕಟ್ಟು ಮಾಡಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ಥರ್ಮಾಸ್‌ಗೆ ತುಂಬಿ ಒಯ್ಯುತ್ತಿದ್ದೆ. ಅವರ ರೇಡಿಯೇಷನ್ (ಅವರ ಬಾಯಲ್ಲಿ "ಕರೆಂಟು") ಮುಗಿಯುವವರೆಗೆ, ಆರು ವಾರ. ಎರಡು ದಿನ ನನಗೇ ಜ್ವರ ಬಂದು ಹೋಗಲಾಗಲಿಲ್ಲ, ಆಗ ನಮ್ಮ ಸಭೆಯ (ಚರ್ಚಿನ) ಇನ್ನೊಬ್ಬರು ಒಯ್ದರು. ಒಬ್ಬರೇ ಹೊರಬೇಡಿ, ಮೊದಲ ವಾರವೇ ಇನ್ನೊಬ್ಬರಿಗೆ ಹೇಳಿಡಿ.

ನಿಮ್ಮ ಪ್ರಶ್ನೆಗೆ ನನ್ನ ನಿಜವಾದ ಉತ್ತರ ಇಲ್ಲಿದೆ. ಅಪೊಸ್ತಲರ ಕೃತ್ಯಗಳು 6 ತೆಗೆದು ಓದಿ. ಯೆರೂಸಲೇಮಿನ ಮೊದಲ ಸಭೆಯಲ್ಲೇ ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಿದ್ದರು. ಅಪೊಸ್ತಲರೇ ಇದ್ದ ಸಭೆ ಅದು! ಬೇರೆ ಭಾಷೆಯ ಬಡವರು ಅಲ್ಲೂ ಎಣಿಕೆಗೆ ಸಿಗಲಿಲ್ಲ. ಅದಕ್ಕೇ ಏಳು ಜನರನ್ನು ಆರಿಸಿದರು, ಏಳೂ ಗ್ರೀಕ್ ಹೆಸರುಗಳು. ಇಲ್ಲಿ ಹಿಂದಿ ಮರಾಠಿ ಬಾರದ ನಮ್ಮ ಜನ ಆ ವಿಧವೆಯರ ಹಾಗೆ. ಕೌಂಟರ್‌ನಲ್ಲಿ ಏನೋ ಹೇಳುತ್ತಾರೆ, ಇವರು ಹೂಂ ಅಂತ ತಲೆಯಾಡಿಸಿ ಬರುತ್ತಾರೆ, ಹೊರಗೆ ಬಂದಮೇಲೆ ಏನು ಹೇಳಿದರು ಅಂದರೆ ಗೊತ್ತಿಲ್ಲ. ಇವರನ್ನು ಗುರುತಿಸಲು ನಿಮ್ಮ ಕಿವಿಗೆ ಆಗುವುದು ಬೇರೆಯವರ ಕಣ್ಣಿಗೂ ಆಗುವುದಿಲ್ಲ.

ಆ ಅಕ್ಕನಿಗೆ ಆಸ್ಪತ್ರೆಯಲ್ಲೇ ಸಮಾಜ ಸೇವಾ ವಿಭಾಗ ಇದೆ, ಹಣದ್ದೂ ಉಳಿಯುವ ಜಾಗದ್ದೂ ಅಲ್ಲಿ ಕೇಳಬಹುದು ಅಂತ ಗೊತ್ತೇ ಇರಲಿಲ್ಲ. ದಾದರ್‌ನಲ್ಲಿ ಗಾಡಗೆ ಮಹಾರಾಜರ ಧರ್ಮಶಾಲೆ ಕ್ಯಾನ್ಸರ್ ರೋಗಿಗಳಿಗೆ ಜಾಗ ಕೊಡುತ್ತದೆ, ಅದೂ ಗೊತ್ತಿರಲಿಲ್ಲ. ಹೋಗಿ ಹೆಸರು ಬರೆಸಿದೆವು, ಹನ್ನೊಂದನೇ ದಿನ ಜಾಗ ಸಿಕ್ಕಿತು. ನನ್ನ ಗಂಜಿಗಿಂತ ಅದೇ ಅವರಿಗೆ ಜಾಸ್ತಿ ಉಪಯೋಗವಾಯಿತು ಅನ್ನಿ. ಆಮೇಲಿಂದ ನಾನು ಯಾರ ಜೊತೆ ಹೋದರೂ ಯಾವ ದಿನ, ಯಾವ ಕಟ್ಟಡ, ಎಷ್ಟನೇ ಮಹಡಿ ಅಂತ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಚೀಟಿ ಬರೆದು ಫೈಲಿಗೆ ಪಿನ್ ಮಾಡುತ್ತೇನೆ. ಔಷಧಿಗೆ ದುಡ್ಡು ಕೇಳಿದರೆ ಅಂಗಡಿಗೆ ಜೊತೆಗೇ ಹೋಗುತ್ತೇನೆ.

ಇನ್ನೊಂದು ಮಾತು, ಇದರಲ್ಲಿ ನಾನು ಸ್ವಲ್ಪ ಗಟ್ಟಿ. ಗಂಜಿಯ ಜೊತೆ ಕರಪತ್ರ ಕೊಡಬೇಡಿ. ಫೋಟೋ ತೆಗೆಯಬೇಡಿ. ಹಸಿದವರು ಬೇಡ ಅನ್ನುವ ಸ್ಥಿತಿಯಲ್ಲಿ ಇರುವುದಿಲ್ಲ, ಅಲ್ವಾ? ಮನೆಯಲ್ಲಿ ಅವರ ಹೆಸರು ಹಿಡಿದು ದಿನಾ ಪ್ರಾರ್ಥನೆ ಮಾಡುತ್ತೇನೆ. ಆ ಅಕ್ಕ ಒಂದು ಸಲ ತಾವಾಗಿಯೇ, ನಿಮ್ಮ ದೇವರಿಗೂ ಒಂದು ಮಾತು ಹೇಳ್ರಿ ಅಂದರು, ಆಗ ಅಲ್ಲೇ ಕೂತು ಕೈಹಿಡಿದು ಪ್ರಾರ್ಥಿಸಿದೆ.

ಅವರ ಯಜಮಾನರು ಊರಿಗೆ ಹೋಗಿ ಎಂಟು ತಿಂಗಳಿಗೆ ತೀರಿಕೊಂಡರು. ಅಕ್ಕ ಈಗಲೂ ಫೋನ್ ಮಾಡುತ್ತಾರೆ. ಮೊದಲು ಕೇಳುವುದೇ "ನಮ್ಮ ಕಡೀಯವ್ರು ಯಾರರೆ ಬಂದಾರೇನ್ರಿ?" ಅಂತ.

ನೀವು ಪರೇಲ್‌ವರೆಗೂ ಬರಬೇಕಾಗಿಲ್ಲ. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಈ ಊರಿನ ಕೂಲಿ ನಾಕಾಗಳಲ್ಲಿ, ಅಂದರೆ ದಿನಗೂಲಿಗೆ ಜನ ಬೆಳಿಗ್ಗೆ ಕಾದು ನಿಲ್ಲುವ ಜಾಗಗಳಲ್ಲಿ, ಸಿಗುತ್ತಾರೆ. ನಿಮ್ಮ ಸ್ಟೇಷನ್ ಹತ್ತಿರ ನಾಕಾ ಎಲ್ಲಿದೆ ಅಂತ ವಾಚ್‌ಮನ್‌ನನ್ನು ಕೇಳಿ. ಬೆಳಿಗ್ಗೆ ಎಂಟರೊಳಗೆ ಹೋಗಿ, ಇಯರ್‌ಫೋನ್ ತೆಗೆದಿಟ್ಟು ಒಂದು ಟೀ ಕುಡಿಯುವಷ್ಟು ಹೊತ್ತು ನಿಲ್ಲಿ. ಮೊದಲ ದಿನ ಏನೂ ಕೊಡಬೇಡಿ. ಯಾವೂರು ಅಂತ ಕೇಳಿ, ಮರುದಿನ ಮತ್ತೆ ಹೋಗಿ.